ಘಟಪ್ರಭೆಯ ಸೀಮೆಯ ಆಮೆಗಳು: ಅವುಗಳ ಕುಲ, ಲಕ್ಷಣ ಮತ್ತು ಜೀವನಕ್ರಮ

ಮೃಗಶಿರಾ ಮಳೆ ಬಿದ್ದು ಹೊಲಗಳಲ್ಲಿ ಬಿತ್ತಿಗೆಯು ಮೊದಲಾಗುವ ಕಾಲಕ್ಕೆ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ಹೊಳೆದಂಡೆಯ ಒಕ್ಕಲಿಗರಿಗೆ ಬದುವಿನ ಮೇಲಾಗಲಿ ಹಳ್ಳದ ಅಂಚಿನಲ್ಲಾಗಲಿ ಆಮೆಯೊಂದು ನಡೆದುಹೋಗುವುದು ಕಣ್ಣಿಗೆ ಬೀಳುವುದುಂಟು. ಅದನ್ನು ಕಂಡು ಕೆಲವರು ಕೈಮುಗಿದು ದಾರಿ ಬಿಡುವರು; ಕೆಲವರು ಹುಡುಗರ ಆಟಕ್ಕೆಂದು ಮನೆಗೆ ತರುವರು; ಕೆಲವರು ನೀರು ಶುದ್ಧವಾಗಿರಲೆಂದು ಬಾವಿಯಲ್ಲಿ ಬಿಡುವರು; ಮತ್ತೆ ಕೆಲವರು ಮಾಂಸಕ್ಕಾಗಿ ಕೊಲ್ಲುವರು. ಅದು ಯಾವ ಜಾತಿಯ ಆಮೆ, ಎಲ್ಲಿಂದ ಬಂದಿತು, ಎಲ್ಲಿಗೆ ಹೊರಟಿದೆ ಎಂಬುದನ್ನು ವಿಚಾರಿಸುವವರು ಮಾತ್ರ ವಿರಳ.

ಈ ವಿಚಾರವು ಕೇವಲ ಕುತೂಹಲದ್ದಲ್ಲ. ಕೃಷ್ಣಾ ನದಿಯ ಕೊಳ್ಳದಲ್ಲಿ ವಾಸಿಸುವ ಒಂದು ಆಮೆಯ ಜಾತಿಯು ಈಗ ನಾಶದ ಅಂಚಿಗೆ ಬಂದಿರುತ್ತದೆ. ಆ ಜಾತಿಯು ದಕ್ಷಿಣ ಭಾರತದ ಹೊಳೆಗಳಲ್ಲಿ ಹೊರತು ಜಗತ್ತಿನ ಬೇರೆ ಯಾವ ಕಡೆಗೂ ಇಲ್ಲ. ಅದು ಉಳಿಯುವುದೂ ಅಳಿಯುವುದೂ ದೂರದ ಪಟ್ಟಣಗಳಲ್ಲಿ ನಿಶ್ಚಯವಾಗುವ ಮಾತಲ್ಲ. ಹೊಳೆದಂಡೆಯ ಉಸುಕನ್ನು ಯಾವಾಗ ತೆಗೆಯಬೇಕು, ಕೆರೆಯ ಹೂಳನ್ನು ಹೇಗೆ ಎತ್ತಬೇಕು, ಮಡುವಿನಲ್ಲಿ ಯಾವ ಬಲೆ ಹಾಕಬೇಕು ಎಂಬುದನ್ನು ನಿಶ್ಚಯಿಸುವ ಊರಿನ ಪ್ರಮುಖರ ಮತ್ತು ಜಮೀನುದಾರರ ಕೈಯಲ್ಲಿಯೇ ಅದರ ಬಹುಪಾಲು ಇರುತ್ತದೆ. ಆದುದರಿಂದ ಈ ಪ್ರಾಣಿಯನ್ನು ಗುರುತಿಸುವ ಬಗೆಯನ್ನೂ ಅದರ ಜೀವನಕ್ರಮವನ್ನೂ ಇಲ್ಲಿ ವಿವರಿಸಲಾಗಿದೆ.

ಆಮೆಯು ಎಂತಹ ಪ್ರಾಣಿ

ಹಾವು, ಹಲ್ಲಿ, ಉಡ, ಮೊಸಳೆಗಳಂತೆ ಆಮೆಯೂ ಸರೀಸೃಪವರ್ಗಕ್ಕೆ ಸೇರಿದುದು. ಇಪ್ಪತ್ತು ಕೋಟಿ ವರ್ಷಗಳಿಗೂ ಹಿಂದಿನ ಶಿಲೆಗಳಲ್ಲಿ ಆಮೆಯ ಅವಶೇಷಗಳು ದೊರೆತಿರುತ್ತವೆ. ಅದರ ಬೆನ್ನಿನ ಚಿಪ್ಪು ಶಂಖದ ಹುಳುವಿನ ಚಿಪ್ಪಿನಂತೆ ಹೊರಗಿನ ಮನೆಯಲ್ಲ. ಪಕ್ಕೆಲುಬುಗಳೂ ಬೆನ್ನೆಲುಬೂ ಹರಡಿ ಒಂದಾಗಿ ಬೆಸೆದುಕೊಂಡು ಆದುದು. ಚಿಪ್ಪಿನಿಂದ ಆಮೆಯನ್ನು ಹೊರಗೆ ತೆಗೆಯಬಹುದೆಂಬ ತಿಳುವಳಿಕೆಯು ತಪ್ಪು. ಚಿಪ್ಪು ಒಡೆದರೆ ಎಲುಬು ಮುರಿದಂತೆಯೇ ಸರಿ.

ಆಮೆಯ ಮೈಯ ಕಾವು ಸುತ್ತಲಿನ ಗಾಳಿ ನೀರುಗಳ ಕಾವನ್ನು ಅನುಸರಿಸಿರುತ್ತದೆ. ಅದಕ್ಕಾಗಿ ಅದು ಬೆಳಗಿನ ಹೊತ್ತು ಬಂಡೆಯ ಮೇಲೆ ಅಥವಾ ದಂಡೆಯಲ್ಲಿ ಬಿಸಿಲು ಕಾಯಿಸುವುದು. ನೀರಿನಲ್ಲಿ ವಾಸಿಸಿದರೂ ಅದು ಮೀನಲ್ಲ; ಅದಕ್ಕೆ ಶ್ವಾಸಕೋಶಗಳಿದ್ದು, ಉಸಿರಿಗಾಗಿ ಮೇಲೆ ಬರಲೇಬೇಕು. ನೀರಿನೊಳಗೆ ಬಲೆಗೆ ಸಿಕ್ಕಿ ಬಹಳ ಹೊತ್ತು ಮೇಲೆ ಬರಲಾಗದ ಆಮೆಯು ಉಸಿರುಕಟ್ಟಿ ಸಾಯುತ್ತದೆ. ತತ್ತಿಗಳನ್ನು ಮಾತ್ರ ಅದು ಯಾವಾಗಲೂ ನೆಲದ ಮೇಲೆಯೇ ಇಡುವುದು. ನೀರಿನ ಪ್ರಾಣಿಯೊಂದು ತನ್ನ ಸಂತಾನಕ್ಕಾಗಿ ಒಣನೆಲವನ್ನು ನಂಬಿರುವ ಈ ಸಂಗತಿಯೇ ಆಮೆಯ ಎಲ್ಲ ಕಷ್ಟಗಳ ಮೂಲವೆನ್ನಬಹುದು.

ಗುರುತಿಸತಕ್ಕ ಮೂರು ಬಗೆಗಳು

ಕೃಷ್ಣಾ ಕೊಳ್ಳದ ಹೊಳೆ, ಕೆರೆ, ಜೌಗುಗಳಲ್ಲಿ ಒಕ್ಕಲಿಗನು ಮುಖ್ಯವಾಗಿ ಮೂರು ಬಗೆಯ ಆಮೆಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಕಲಿಯಬೇಕು.

ಮೊದಲನೆಯದು ಕರಿಯ ಆಮೆ. ಇದು ಗಟ್ಟಿಚಿಪ್ಪಿನದು. ಕೆರೆ, ಕುಂಟೆ, ಆಪು ಬೆಳೆದ ಜೌಗುಗಳು ಇದರ ನೆಲೆ. ಚಿಪ್ಪು ಕರಿದು ಅಥವಾ ಕಂದುಬಣ್ಣದ್ದು. ಅದರ ಮೇಲೆ ಮುಂದಿನಿಂದ ಹಿಂದಕ್ಕೆ ಮೂರು ಏಣುಗಳು ಉದ್ದಕ್ಕೂ ಹಾಯ್ದಿರುತ್ತವೆ. ೧೮೧೨ರಲ್ಲಿ ಶ್ವೈಗರ್ ಎಂಬ ಜರ್ಮನ್ ಪಂಡಿತನು ಇದಕ್ಕೆ 'ಟ್ರೈಜುಗ' ಎಂಬ ಜಾತಿನಾಮವನ್ನು ಕೊಟ್ಟನು. ಲ್ಯಾಟಿನ್ ಭಾಷೆಯಲ್ಲಿ 'ಜುಗುಮ್' ಎಂದರೆ ನೊಗ; ನಮ್ಮ 'ಯುಗ', 'ನೊಗ' ಶಬ್ದಗಳಿಗೂ ಅದಕ್ಕೂ ನಂಟುಂಟು. ಮೂರು ನೊಗ ಹೊತ್ತ ಆಮೆ ಎಂದು ಒಕ್ಕಲಿಗನು ನೆನಪಿಟ್ಟರೆ ಗುರುತು ತಪ್ಪದು. ಇದರ ಈಗಿನ ಪೂರ್ಣನಾಮವು ಮೆಲನೋಕೆಲಿಸ್ ಟ್ರೈಜುಗ. ಹಿಡಿದರೆ ದುರ್ವಾಸನೆಯನ್ನು ಬಿಡುವುದು ಇದರ ಸ್ವಭಾವ. ಹುಲ್ಲು, ನೀರುಗಿಡ, ಹುಳು, ಸತ್ತ ಪ್ರಾಣಿಗಳ ಮಾಂಸ ಎಲ್ಲವೂ ಇದಕ್ಕೆ ಆಹಾರ. ತತ್ತಿಗಳು ಉದ್ದನೆಯವು, ಒಂದು ಸಲಕ್ಕೆ ಕೆಲವೇ ಕೆಲವು.

ಎರಡನೆಯದು ಮುಚ್ಚಳದ ಆಮೆ. ಇದರ ಬೆನ್ನಿನ ಮೇಲೆ ಗಟ್ಟಿಯಾದ ಹಲಗೆಗಳಿಲ್ಲ. ನುಣುಪಾದ ತೊಗಲು ಹೊದ್ದಿರುತ್ತದೆ. ಹೊಟ್ಟೆಯ ಕಡೆಯ ಹಿಂಭಾಗದಲ್ಲಿ ಎರಡು ತೊಗಲಿನ ಮುಚ್ಚಳಗಳಿದ್ದು, ಹಿಂಗಾಲುಗಳನ್ನು ಒಳಗೆ ಎಳೆದುಕೊಂಡ ಕೂಡಲೇ ಅವು ಬಾಗಿಲಿನಂತೆ ಮುಚ್ಚಿಕೊಳ್ಳುತ್ತವೆ. ಬೇರೆ ಯಾವ ಆಮೆಗೂ ಈ ಸೀಮೆಯಲ್ಲಿ ಈ ಲಕ್ಷಣವಿಲ್ಲ. ಫ್ರೆಂಚ್ ಪಂಡಿತನಾದ ಬೊನ್ನಾತೇರನು ೧೭೮೯ರಲ್ಲಿ ಇದನ್ನು ವರ್ಣಿಸಿದನು. ಇದರ ಶಾಸ್ತ್ರೀಯ ನಾಮವು ಲಿಸೆಮಿಸ್ ಪಂಕ್ಟೇಟ. ಕೆರೆ, ಕಾಲುವೆ, ಗದ್ದೆ, ಕೆಸರಿನ ಹೊಂಡಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಇದೇ. ಬೇಸಿಗೆಯಲ್ಲಿ ಕೆರೆ ಬತ್ತಿದರೆ ಇದು ಕೆಸರಿನೊಳಗೆ ಹೂತುಕೊಂಡು, ಆಹಾರವಿಲ್ಲದೆ, ಮುಂದಿನ ಮಳೆಯನ್ನು ಕಾಯುತ್ತ ಮಲಗಿರುವುದು.

ಮೂರನೆಯದೇ ಈ ಲೇಖನದ ಮುಖ್ಯ ವಿಷಯವಾದ ಲೀತ್ ಆಮೆ. ಇದೂ ಮೆತ್ತನೆಯ ಚಿಪ್ಪಿನದೇ. ಆದರೆ ಗಾತ್ರದಲ್ಲಿ ಮಿಕ್ಕೆರಡಕ್ಕಿಂತ ಬಹಳ ದೊಡ್ಡದು. ಪೂರ್ಣ ಬೆಳೆದ ಆಮೆಯ ಚಿಪ್ಪು ಎರಡು ಅಡಿಯವರೆಗೂ ಉದ್ದವಾಗುವುದುಂಟು. ಹಿಂಗಾಲುಗಳಿಗೆ ಮುಚ್ಚಳಗಳಿಲ್ಲ. ಚಿಪ್ಪಿನ ಸುತ್ತಲೂ ಅಗಲವಾದ ಮೆತ್ತನೆಯ ತೊಗಲಿನ ಅಂಚು ಇರುವುದು. ಮೂತಿಯು ಸಣ್ಣ ಕೊಳವೆಯಂತೆ ಮುಂದಕ್ಕೆ ಚಾಚಿಕೊಂಡಿರುತ್ತದೆ.

ಇನ್ನೊಂದು ಸುಲಭವಾದ ಪರೀಕ್ಷೆಯುಂಟು. ಮೆತ್ತನೆಯ ಚಿಪ್ಪಿನ ಆಮೆಗಳೆಲ್ಲಕ್ಕೂ ಒಂದೊಂದು ಕಾಲಿಗೆ ಮೂರೇ ಉಗುರುಗಳು, ಒಟ್ಟು ಹನ್ನೆರಡು. ಇವುಗಳ ಕುಟುಂಬಕ್ಕೆ ಟ್ರಯೋನಿಕಿಡೀ, ಎಂದರೆ ಮೂರುಗುರಿನವು ಎಂಬ ಹೆಸರು ಬಂದುದೇ ಇದರಿಂದ. ಕರಿಯ ಆಮೆಗೆ ಮುಂಗಾಲಿಗೆ ಐದು, ಹಿಂಗಾಲಿಗೆ ನಾಲ್ಕರಂತೆ ಸಾಮಾನ್ಯವಾಗಿ ಹದಿನೆಂಟು. ಇಪ್ಪತ್ತು ಉಗುರಿನ ಆಮೆಯು ಸಿಕ್ಕರೆ ನಿಧಿ ದೊರೆಯುವುದೆಂದು ಹೇಳಿ ಮೋಸಗಾರರು ಹಳ್ಳಿಯ ಜನರಿಂದ ಹಣ ಕೀಳುವ ಪ್ರಸಂಗಗಳು ಕೇಳಿಬರುತ್ತವೆ. ಉಗುರಿನ ಎಣಿಕೆಯಿಂದ ಆಮೆಯ ಕುಟುಂಬವು ತಿಳಿಯುವುದೇ ಹೊರತು ನೆಲದೊಳಗಿನ ಹೊನ್ನು ತಿಳಿಯುವುದಿಲ್ಲ.

ಲೀತ್ ಆಮೆಯ ಹೆಸರಿನ ಚರಿತ್ರೆ

ಈ ಆಮೆಯನ್ನು ಮೊದಲು ಶಾಸ್ತ್ರೀಯವಾಗಿ ವರ್ಣಿಸಿದವನು ಲಂಡನ್ನಿನ ಬ್ರಿಟಿಷ್ ವಸ್ತುಸಂಗ್ರಹಾಲಯದ ಪ್ರಾಣಿಶಾಸ್ತ್ರಜ್ಞನಾದ ಜಾನ್ ಎಡ್ವರ್ಡ್ ಗ್ರೇ, ವರ್ಷ ೧೮೭೨. ಅವನ ಪರೀಕ್ಷೆಗೆ ದೊರೆತ ಆಮೆಯು ಪುಣೆಯ ಕಡೆಯದು. ಮುಂಬಯಿ ಪ್ರಾಂತದಲ್ಲಿ ವೈದ್ಯನಾಗಿದ್ದ ಆಂಡ್ರ್ಯೂ ಲೀತ್ ಎಂಬವನ ಗೌರವಕ್ಕಾಗಿ ಅದಕ್ಕೆ 'ಲೀಥಿಯೈ' ಎಂಬ ಜಾತಿನಾಮವನ್ನು ಇಡಲಾಯಿತು. ಆಗ ಅದು ಸೇರಿದ ಕುಲವು ಟ್ರಯೋನಿಕ್ಸ್. ೧೯೩೧ರಲ್ಲಿ ಮಾಲ್ಕಮ್ ಸ್ಮಿತ್ ಎಂಬ ವಿದ್ವಾಂಸನು ಬ್ರಿಟಿಷ್ ಇಂಡಿಯದ ಸರೀಸೃಪಗಳ ಗ್ರಂಥವನ್ನು ರಚಿಸಿದಾಗಲೂ ಅದೇ ಕುಲನಾಮವು ನಡೆಯುತ್ತಿದ್ದಿತು. ಅನಂತರ ಎಲುಬುಗಳ ರಚನೆಯನ್ನು ಪರೀಕ್ಷಿಸಿದವರು ಭಾರತದ ಈ ಆಮೆಗಳನ್ನು ಆಸ್ಪಿಡೆರೆಟಿಸ್ ಎಂಬ ಬೇರೆ ಕುಲಕ್ಕೆ ಸೇರಿಸಿದರು. ೨೦೦೭ರಲ್ಲಿ ವಂಶವಾಹಿಗಳ ಪರೀಕ್ಷೆಯು ಪ್ರಕಟವಾದ ಮೇಲೆ, ಬರ್ಮಾದ ಒಂದು ಆಮೆಯೊಡನೆ ಇವುಗಳಿಗೆ ಹತ್ತಿರದ ನಂಟು ಇರುವುದೆಂದು ತಿಳಿದು, ಎಲ್ಲವನ್ನೂ ನಿಲ್ಸೋನಿಯ ಎಂಬ ಒಂದೇ ಕುಲದಲ್ಲಿ ಕೂಡಿಸಲಾಯಿತು. ಈಗಿನ ಹೆಸರು ನಿಲ್ಸೋನಿಯ ಲೀಥಿಯೈ.

ಹೀಗೆ ಹೆಸರು ಬದಲಾದುದನ್ನು ಕಂಡು ಶಾಸ್ತ್ರಜ್ಞರಿಗೆ ನಿಶ್ಚಯವಿಲ್ಲವೆಂದು ಭಾವಿಸತಕ್ಕದ್ದಲ್ಲ. ಹೊಲವೊಂದನ್ನು ಮರುಮೋಜಣಿ ಮಾಡಿದಾಗ ಸರ್ವೇ ನಂಬರು ಬದಲಾಗಬಹುದು, ಹಿಸ್ಸೆಗಳು ಕೂಡಬಹುದು ಅಥವಾ ಒಡೆಯಬಹುದು. ಹೊಲವು ಮಾತ್ರ ಇದ್ದಲ್ಲಿಯೇ ಇರುವುದು. ಕುಲನಾಮವು ಸರ್ವೇ ನಂಬರಿನಂತೆ. ಅಳತೆಯು ಸೂಕ್ಷ್ಮವಾದಂತೆ ಅದು ತಿದ್ದುಪಡಿಯಾಗುವುದು. 'ಲೀಥಿಯೈ' ಎಂಬ ಜಾತಿನಾಮವು ಮಾತ್ರ ೧೮೭೨ರಿಂದ ಇಂದಿನವರೆಗೆ ಬದಲಾಗದೆ ನಿಂತಿದೆ.

ನಿಲ್ಸೋನಿಯ ಕುಲದಲ್ಲಿ ಐದು ಜಾತಿಗಳನ್ನು ಎಣಿಸುತ್ತಾರೆ. ಮಿಕ್ಕ ನಾಲ್ಕು ಗಂಗಾ, ಬ್ರಹ್ಮಪುತ್ರಾ ಮತ್ತು ಬರ್ಮಾದ ನದಿಗಳ ಕಡೆಯವು. ವಿಂಧ್ಯದ ದಕ್ಷಿಣದ ಹೊಳೆಗಳಿಗೇ ಮೀಸಲಾದುದು ಲೀತ್ ಆಮೆಯೊಂದೇ. ಗೋದಾವರಿ, ಕೃಷ್ಣಾ, ಕಾವೇರಿಗಳ ಕೊಳ್ಳಗಳು ಅದರ ಸ್ವಸ್ಥಾನ. ಘಟಪ್ರಭೆಯು ಚಿಕ್ಕಸಂಗಮದ ಬಳಿ ಕೃಷ್ಣೆಯನ್ನು ಸೇರುವ ಹೊಳೆ. ಸಂಕೇಶ್ವರದ ಬದಿಯಿಂದ ಬರುವ ಹಿರಣ್ಯಕೇಶಿಯೂ ಗೋಕಾಕದ ಹತ್ತಿರ ಕೂಡುವ ಮಾರ್ಕಂಡೇಯವೂ ಘಟಪ್ರಭೆಯ ಉಪನದಿಗಳು. ಆದುದರಿಂದ ಮೇಲೆ ಹೇಳಿದ ಮೂರೂ ತಾಲೂಕುಗಳ ನೀರು ಈ ಆಮೆಯ ಸ್ವಸ್ಥಾನದೊಳಗಿನದೇ ಆಗಿರುತ್ತದೆ.

ಮೈಯ ಲಕ್ಷಣ ಮತ್ತು ಜೀವನಕ್ರಮ

ಲೀತ್ ಆಮೆಯ ಮರಿಯನ್ನು ಕಂಡವರು ಅದನ್ನು ಮರೆಯಲಾರರು. ಬೂದುಬಣ್ಣದ ಬೆನ್ನಿನ ಮೇಲೆ ಕಣ್ಣಿನಂತಹ ದುಂಡು ಗುರುತುಗಳು, ಸಾಮಾನ್ಯವಾಗಿ ನಾಲ್ಕು, ಎದ್ದು ಕಾಣುತ್ತವೆ. ವಯಸ್ಸಾದಂತೆ ಈ ಕಣ್ಣುಗಳು ಮಾಸಿಹೋಗಿ, ಬೆನ್ನು ಹಸಿರು ಬೆರೆತ ಕಂದುಬಣ್ಣಕ್ಕೆ ತಿರುಗುವುದು. ತಲೆಯು ಹಸಿರು ಛಾಯೆಯದು. ಕಣ್ಣುಗಳ ನಡುವಿನಿಂದ ಕುತ್ತಿಗೆಯವರೆಗೆ ಒಂದು ಕಪ್ಪು ಗೆರೆಯೂ, ಅದರಿಂದ ಎರಡೂ ಬದಿಗೆ ಓರೆಯಾಗಿ ಹೊರಟ ಸಣ್ಣ ಗೆರೆಗಳೂ ಇರುತ್ತವೆ. ಹೊಟ್ಟೆಯ ಭಾಗವು ಬಿಳಿದು.

ಈ ಆಮೆಯು ಹಗಲಿನ ಬಹುಭಾಗವನ್ನು ಹೊಳೆಯ ತಳದ ಉಸುಕಿನಲ್ಲಿ ಅಥವಾ ಕೆಸರಿನಲ್ಲಿ ಮೈಯನ್ನು ಹೂತುಕೊಂಡು ಕಳೆಯುವುದು. ಆಳವಿಲ್ಲದ ನೀರಿನಲ್ಲಿ ಹೀಗೆ ಮಲಗಿ, ಉದ್ದನೆಯ ಕುತ್ತಿಗೆಯನ್ನು ಮೇಲಕ್ಕೆ ಚಾಚಿ, ಕೊಳವೆಯಂತಹ ಮೂತಿಯ ತುದಿಯನ್ನು ಮಾತ್ರ ನೀರಿನ ಮೇಲೆ ತೋರಿಸಿ ಉಸಿರಾಡುವುದು. ಮೆತ್ತನೆಯ ಚಿಪ್ಪಿನ ಆಮೆಗಳು ತೊಗಲಿನಿಂದಲೂ ಗಂಟಲಿನ ಒಳಪದರಿನಿಂದಲೂ ನೀರಿನಲ್ಲಿ ಕರಗಿದ ಪ್ರಾಣವಾಯುವನ್ನು ಸ್ವಲ್ಪಮಟ್ಟಿಗೆ ಹೀರಬಲ್ಲವು. ಈ ಗುಣದಿಂದ ಅವು ಹೆಚ್ಚು ಹೊತ್ತು ಮುಳುಗಿರಬಲ್ಲವು. ಆದರೆ ಇದೇ ಗುಣವು ಅವುಗಳಿಗೆ ಅಪಾಯಕರವೂ ಹೌದು. ದಪ್ಪ ಹಲಗೆಗಳ ಕಾಪಿಲ್ಲದ ತೊಗಲಿಗೆ ನೀರಿನಲ್ಲಿ ಬೆರೆತ ವಿಷವು ನೇರವಾಗಿ ತಗಲುತ್ತದೆ.

ಏಡಿ, ಶಂಖದ ಹುಳು, ಸಿಂಪಿ, ಮೀನು, ಸೊಳ್ಳೆಯ ಮರಿಗಳು ಇವು ಲೀತ್ ಆಮೆಯ ಆಹಾರದಲ್ಲಿ ಸೇರಿರುತ್ತವೆ. ಹಿಡಿದರೆ ಇದು ಕುತ್ತಿಗೆಯನ್ನು ಬಹಳ ದೂರ ಹಿಂದಕ್ಕೆ ತಿರುಗಿಸಿ ಗಟ್ಟಿಯಾಗಿ ಕಚ್ಚುವುದು. ಆದುದರಿಂದ ಮಕ್ಕಳು ಇದನ್ನು ಮುಟ್ಟದಂತೆ ನೋಡಿಕೊಳ್ಳುವುದು ಆಮೆಗೂ ಮಕ್ಕಳಿಗೂ ಹಿತ.

ತತ್ತಿಯಿಡುವ ಕಾಲಕ್ಕೆ ಹೆಣ್ಣಾಮೆಯು ನೀರನ್ನು ಬಿಟ್ಟು ದಂಡೆಯನ್ನೇರಿ, ಹಿಂಗಾಲುಗಳಿಂದ ಗುಳಿ ತೋಡಿ, ದುಂಡಗಿನ ತತ್ತಿಗಳನ್ನಿಟ್ಟು, ಮಣ್ಣು ಮುಚ್ಚಿ ಹಿಂದಿರುಗುವುದು. ಲೀತ್ ಆಮೆಯು ಜೂನ್ ತಿಂಗಳಿನಲ್ಲಿ, ಎಂದರೆ ನಮ್ಮ ಕಾರಹುಣ್ಣಿಮೆಯ ಸುಮಾರಿಗೆ ತತ್ತಿಯಿಡುವುದು ದಾಖಲಾಗಿದೆ. ತತ್ತಿಯ ಅಡ್ಡಳತೆಯು ಒಂದು ಅಂಗುಲಕ್ಕೆ ಸ್ವಲ್ಪ ಮಿಕ್ಕಿ. ಕೋಳಿಯಂತೆ ಕಾವು ಕೊಡುವುದಾಗಲಿ ಮರಿಗಳನ್ನು ಸಾಕುವುದಾಗಲಿ ಆಮೆಗೆ ಗೊತ್ತಿಲ್ಲ. ಭೂಮಿಯ ಕಾವಿನಿಂದಲೇ ತತ್ತಿಗಳು ಬಲಿತು, ಮರಿಗಳು ತಾವೇ ಮಣ್ಣನ್ನು ತಳ್ಳಿ ಹೊರಬಂದು ನೀರಿನ ದಾರಿ ಹಿಡಿಯುತ್ತವೆ.

ಆಮೆಯ ತತ್ತಿಗೂ ಕೋಳಿಯ ತತ್ತಿಗೂ ಒಂದು ಮುಖ್ಯ ಭೇದವುಂಟು. ಕೋಳಿಯು ತನ್ನ ತತ್ತಿಗಳನ್ನು ದಿನವೂ ಹೊರಳಿಸುವುದು. ಆಮೆಯ ತತ್ತಿಯಲ್ಲಾದರೋ ಭ್ರೂಣವು ಬೇಗನೆ ಚಿಪ್ಪಿನ ಮೇಲ್ಭಾಗಕ್ಕೆ ಅಂಟಿಕೊಳ್ಳುವುದು. ಅನಂತರ ತತ್ತಿಯನ್ನು ಬುಡಮೇಲು ಮಾಡಿದರೆ ಅದು ಸಾಯುವ ಸಂಭವವುಂಟು. ಗುಳಿಯನ್ನು ಕೆದಕಿ ತತ್ತಿಗಳನ್ನು ನೋಡಿ ಮತ್ತೆ ಜೋಡಿಸಿಟ್ಟೆವೆಂದು ಹೇಳುವವರು, ಅರಿಯದೆ, ಇಡೀ ಸಂತಾನವನ್ನು ಕೊಂದಿರಬಹುದು.

ವೃದ್ಧಿಯ ಲೆಕ್ಕ

ಒಕ್ಕಲಿಗನಿಗೆ ಲೆಕ್ಕವು ಬೇಗ ಮನಸ್ಸಿಗೆ ಬರುವುದು. ಕೋಳಿಯು ಹುಟ್ಟಿದ ವರ್ಷದೊಳಗೇ ತತ್ತಿಯಿಡತೊಡಗುವುದು. ಆಕಳು ಮೂರು ನಾಲ್ಕು ವರ್ಷಕ್ಕೆ ಕರು ಹಾಕುವುದು, ಆ ಕರುವನ್ನು ಮನೆಯವರು ಕಾಯುವರು. ದೊಡ್ಡ ಆಮೆಗಳಾದರೋ ಹಲವು ವರ್ಷ ಬೆಳೆದ ಮೇಲೆಯೇ ಸಂತಾನಕ್ಕೆ ಯೋಗ್ಯವಾಗುವುವು. ಅವು ಇಡುವ ತತ್ತಿಗಳನ್ನು ಉಡ, ಮುಂಗುಲಿ, ನರಿ, ನಾಯಿ, ಹಂದಿಗಳು ಅಗೆದು ತಿನ್ನುವುವು. ಹೊರಬಂದ ಮರಿಗಳನ್ನು ಕಾಗೆ, ಹದ್ದು, ಕೊಕ್ಕರೆ ಮತ್ತು ದೊಡ್ಡ ಮೀನುಗಳು ಹಿಡಿಯುವುವು. ಇಟ್ಟ ತತ್ತಿಗಳಲ್ಲಿ ದೊಡ್ಡ ಆಮೆಯಾಗಿ ಬಾಳುವುವು ಅತ್ಯಲ್ಪ.

ಈ ನಷ್ಟವನ್ನೆಲ್ಲ ಸೃಷ್ಟಿಯು ಒಂದೇ ಉಪಾಯದಿಂದ ತುಂಬಿರುತ್ತದೆ: ಒಮ್ಮೆ ದೊಡ್ಡದಾದ ಹೆಣ್ಣಾಮೆಯು ಬಹುಕಾಲ ಬದುಕಿ, ವರ್ಷ ವರ್ಷವೂ ತತ್ತಿಯಿಡುವುದು. ಆದುದರಿಂದ ಮರಿಯೊಂದು ಸತ್ತರೆ ಆಗುವ ಹಾನಿಗಿಂತ ಬೆಳೆದ ಹೆಣ್ಣಾಮೆಯೊಂದು ಸತ್ತರೆ ಆಗುವ ಹಾನಿಯು ಎಷ್ಟೋ ಪಾಲು ಹೆಚ್ಚು. ಮನುಷ್ಯನು ಮಾಂಸಕ್ಕಾಗಿ ಹುಡುಕುವುದು ಇಂತಹ ದೊಡ್ಡ ಆಮೆಯನ್ನೇ. ತತ್ತಿಯಿಡಲು ದಂಡೆಯೇರಿದಾಗಲೇ ಅದು ಸುಲಭವಾಗಿ ಕೈಗೆ ಸಿಕ್ಕುವುದು. ಬೀಜದ ಜೋಳವನ್ನು ಹಗೇವಿನಿಂದ ತೆಗೆದು ಉಂಡ ಮನೆಗೆ ಮುಂದಿನ ವರ್ಷ ಬಿತ್ತಲು ಏನೂ ಉಳಿಯದಂತೆ, ಹೆಣ್ಣಾಮೆಗಳು ತೀರಿದ ಹೊಳೆಯಲ್ಲಿ ಆಮೆಯ ವಂಶವು ನಿಲ್ಲಲಾರದು.

ಲೀತ್ ಆಮೆಯ ವಿಷಯದಲ್ಲಿ ಹೀಗೆಯೇ ಆಗಿರುತ್ತದೆ. ಮಾಂಸಕ್ಕಾಗಿಯೂ, ಒಣಗಿಸಿ ಕಳ್ಳತನದಿಂದ ಪರದೇಶಕ್ಕೆ ಸಾಗಿಸುವ ಚಿಪ್ಪಿನ ಅಂಚಿನ ಮೆದು ಎಲುಬಿಗಾಗಿಯೂ ಇದನ್ನು ಹಿಡಿಯುತ್ತ ಬಂದರು. ಮೂವತ್ತು ವರ್ಷಗಳಲ್ಲಿ ಇದರ ಸಂಖ್ಯೆಯು ನೂರಕ್ಕೆ ತೊಂಬತ್ತರಷ್ಟು ಇಳಿದಿದೆಯೆಂದು ಅಂದಾಜು ಮಾಡಿರುವುದನ್ನು ಭಾರತ ಸರಕಾರವು ೨೦೨೨ರಲ್ಲಿ ಪ್ರಕಟಿಸಿತು. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಸಂಘವು ಇದನ್ನು ಅತ್ಯಂತ ಅಪಾಯಕ್ಕೊಳಗಾದ ಜಾತಿಗಳ ವರ್ಗದಲ್ಲಿ ಸೇರಿಸಿದೆ.

ಹೊಳೆಯ ತುಂಡುಗಳು

ಕೊಲ್ಲುವುದೊಂದೇ ಕಾರಣವಲ್ಲ. ಹೊಳೆಯ ಸ್ವರೂಪವು ಬದಲಾದುದನ್ನೂ ಲಕ್ಷ್ಯಕ್ಕೆ ತರಬೇಕು. ಘಟಪ್ರಭೆಯು ಸಹ್ಯಾದ್ರಿಯಲ್ಲಿ ಹುಟ್ಟಿ ಹುಕ್ಕೇರಿ ತಾಲೂಕಿನಲ್ಲಿ ಹಿಡಕಲ್ಲಿನ ರಾಜಾ ಲಖಮಗೌಡ ಜಲಾಶಯವನ್ನು ತುಂಬುವುದು. ಅಲ್ಲಿಂದ ಕೆಳಗೆ ಧೂಪದಾಳದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಟ್ಟಿದ ಒಡ್ಡು ಇರುವುದು. ಅದರ ಕೆಳಗೆ ಗೋಕಾಕದ ಜಲಪಾತದಲ್ಲಿ ಹೊಳೆಯು ಸುಮಾರು ೧೭೦ ಅಡಿ ಕೆಳಕ್ಕೆ ಧುಮುಕುವುದು. ಪ್ರವಾಹದಲ್ಲಿ ಸಿಕ್ಕ ಪ್ರಾಣಿಯು ಕೆಳಕ್ಕೆ ಕೊಚ್ಚಿಹೋಗಬಹುದು. ಆದರೆ ಧಬಧಬೆಯನ್ನು ಹತ್ತಿ ಮೇಲೆ ಬರುವ ಸಾಮರ್ಥ್ಯವು ಯಾವ ಆಮೆಗೂ ಇಲ್ಲ. ಒಂದನ್ನು ಸೃಷ್ಟಿಯು ಕಟ್ಟಿತು, ಎರಡನ್ನು ಮನುಷ್ಯನು ತನ್ನ ಅವಶ್ಯಕತೆಗಾಗಿ ಕಟ್ಟಿದನು. ಹೇಗಾದರೂ ಹೊಳೆಯು ಆಮೆಯ ಪಾಲಿಗೆ ತುಂಡುತುಂಡಾಗಿದೆ.

ಇದರ ಅರ್ಥವನ್ನು ಚೆನ್ನಾಗಿ ಗ್ರಹಿಸಬೇಕು. ಒಂದು ತುಂಡಿನಲ್ಲಿ ಆಮೆಗಳು ತೀರಿಹೋದರೆ ಕೆಳಗಿನ ತುಂಡಿನಿಂದ ತಾವಾಗಿ ಬಂದು ತುಂಬಲಾರವು. ಗೋಕಾಕ ಮೂಡಲಗಿಗಳ ಕಡೆಯ ಮಡುಗಳನ್ನು ಕಾಯ್ದರೆ ಹುಕ್ಕೇರಿಯ ಕಡೆಯವು ತಾವೇ ಉಳಿಯುವುವೆಂದು ತಿಳಿಯತಕ್ಕದ್ದಲ್ಲ. ಪ್ರತಿಯೊಂದು ತಾಲೂಕಿನವರೂ, ಪ್ರತಿಯೊಂದು ಊರಿನವರೂ ತಮ್ಮ ಪಾಲಿನ ಹೊಳೆಯನ್ನು ತಾವೇ ಕಾಯಬೇಕಾಗಿದೆ. ಧೂಪದಾಳದ ಹಿನ್ನೀರು ೧೯೭೪ರಿಂದ ಘಟಪ್ರಭಾ ಪಕ್ಷಿಧಾಮವೆಂದು ಘೋಷಿತವಾಗಿದ್ದು, ಅಲ್ಲಿನ ನೀರಿನ ಜೀವಿಗಳಿಗೆಲ್ಲ ಇದರಿಂದ ಆಸರೆಯುಂಟಾಗಿದೆ. ಆದರೆ ಆಮೆಯು ಗಡಿಕಲ್ಲನ್ನು ಅರಿಯದು.

ಬೇಸಾಯಗಾರನಿಗೆ ಆಮೆಯಿಂದ ಆಗುವ ಉಪಯೋಗ

ಆಮೆಯನ್ನು ಕಾಯುವುದರಿಂದ ಬೇಸಾಯಗಾರನಿಗೆ ಲಾಭವೇನೆಂದು ಯಾರಾದರೂ ಕೇಳಬಹುದು. ಲೀತ್ ಆಮೆಯೂ ಮುಚ್ಚಳದ ಆಮೆಯೂ ಶಂಖದ ಹುಳುಗಳನ್ನು ತಿನ್ನುತ್ತವೆ. ದನ ಕುರಿಗಳ ಯಕೃತ್ತನ್ನು ಕೆಡಿಸುವ ಚಪ್ಪಟೆ ಹುಳುವು ತನ್ನ ಬಾಳಿನ ಒಂದು ಭಾಗವನ್ನು ಜೌಗಿನ ಶಂಖದ ಹುಳುವಿನ ಮೈಯಲ್ಲಿ ಕಳೆದು, ಅನಂತರ ನೀರಂಚಿನ ಹುಲ್ಲಿನ ಮುಖಾಂತರ ದನಗಳ ಹೊಟ್ಟೆಯನ್ನು ಸೇರುವುದು. ಆಮೆಯೊಂದರಿಂದಲೇ ಈ ರೋಗವು ನಿಲ್ಲುವುದೆಂದು ಹೇಳಲಾಗದು. ದನಗಳಿಗೆ ಔಷಧವನ್ನು ಕೊಡಿಸಲೇಬೇಕು. ಆದರೆ ಶಂಖದ ಹುಳುಗಳ ಶತ್ರುವನ್ನು ಕೊಲ್ಲುವುದು ತನ್ನ ದನಗಳ ಶತ್ರುವಿಗೆ ನೆರವಾದಂತೆಯೇ ಸರಿ. ಇದಲ್ಲದೆ ಸತ್ತ ಮೀನನ್ನೂ ಕೊಳೆತ ಮಾಂಸವನ್ನೂ ತಿಂದು, ದನಗಳು ಕುಡಿಯುವ ನೀರು ಕೆಡದಂತೆ ಆಮೆಗಳು ನೆರವಾಗುತ್ತವೆ. ಜನರು ಹಿಂದಿನಿಂದಲೂ ಬಾವಿಯಲ್ಲಿ ಆಮೆ ಬಿಡುತ್ತಿದ್ದುದು ಈ ಗುಣವನ್ನು ಕಂಡೇ. ಆದರೂ ಬಾವಿಯು ಆಮೆಗೆ ತಕ್ಕ ಸ್ಥಳವಲ್ಲ. ಅಲ್ಲಿ ಬಿಸಿಲಿಲ್ಲ, ತತ್ತಿಯಿಡಲು ನೆಲವಿಲ್ಲ. ಬಾವಿಯೊಳಗಿನ ಆಮೆಯು ವಂಶವಿಲ್ಲದೆ ಮುದಿಯಾಗುವುದು.

ಕಾಯಿದೆಯ ನಿಬಂಧನೆಗಳು

೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಬೇಟೆಯೆಂಬ ಶಬ್ದಕ್ಕೆ ವಿಶಾಲವಾದ ಅರ್ಥವಿದೆ. ಕೊಲ್ಲುವುದು ಮಾತ್ರವಲ್ಲ, ಹಿಡಿಯುವುದು, ಬಲೆಯೊಡ್ಡುವುದು, ವಿಷವಿಕ್ಕುವುದು, ಸರೀಸೃಪಗಳ ತತ್ತಿಗಳನ್ನು ಕೆಡಿಸುವುದು, ಅವುಗಳ ಗೂಡನ್ನು ಕೆದಕುವುದು ಇವೆಲ್ಲವೂ ಬೇಟೆಯೇ. ಲೀತ್ ಆಮೆಗೆ ಈ ಕಾಯಿದೆಯ ರಕ್ಷಣೆಯುಂಟು. ಮುಚ್ಚಳದ ಆಮೆಯು ಮೊದಲನೆಯ ಪರಿಶಿಷ್ಟದಲ್ಲಿ, ಎಂದರೆ ಹುಲಿ ಆನೆಗಳ ಸಾಲಿನಲ್ಲಿ ಸೇರಿದೆ. ಆ ಪರಿಶಿಷ್ಟದ ಪ್ರಾಣಿಯನ್ನು ಬೇಟೆಯಾಡಿದವರಿಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ, ಏಳು ವರ್ಷದವರೆಗಿನ ಸೆರೆವಾಸವೂ ದಂಡವೂ ಆಗುವುವು. ಹುಡುಗರು ಆಟಕ್ಕೆಂದು ತಂದ ಆಮೆಯು ಮನೆಯ ಯಜಮಾನನನ್ನು ಕೋರ್ಟಿನ ಮೆಟ್ಟಿಲು ಹತ್ತಿಸಬಹುದೆಂಬುದನ್ನು ಊರಿನ ಜನರಿಗೆ ತಿಳಿಸಿಡುವುದು ಪ್ರಮುಖರ ಕರ್ತವ್ಯ.

ದೇಶದೇಶಗಳ ನಡುವಿನ ವ್ಯಾಪಾರಕ್ಕೆ ಬೇರೆ ಒಡಂಬಡಿಕೆಯುಂಟು. ಅಪಾಯಕ್ಕೊಳಗಾದ ಜೀವಿಗಳ ವ್ಯಾಪಾರವನ್ನು ನಿಯಮಿಸುವ ಸಲುವಾಗಿ ೧೯೭೩ರಲ್ಲಿ ವಾಷಿಂಗ್ಟನ್ನಿನಲ್ಲಿ ಆದ ಒಡಂಬಡಿಕೆಯ ಸದಸ್ಯರು ೨೦೨೨ರ ನವೆಂಬರಿನಲ್ಲಿ ಪನಾಮಾದಲ್ಲಿ ಸಭೆ ಸೇರಿದರು. ಲೀತ್ ಆಮೆಯನ್ನು ಎರಡನೆಯ ಪಟ್ಟಿಯಿಂದ ಮೊದಲನೆಯ ಪಟ್ಟಿಗೆ ಏರಿಸಬೇಕೆಂದು ಭಾರತವು ಮಂಡಿಸಿದ ಸೂಚನೆಯು ಅಲ್ಲಿ ಅಂಗೀಕೃತವಾಯಿತು. ಮೊದಲನೆಯ ಪಟ್ಟಿಯ ಪ್ರಾಣಿಯನ್ನು ಬೇಟೆಯಿಂದ ಹಿಡಿದು ವ್ಯಾಪಾರಕ್ಕಾಗಿ ಪರದೇಶಕ್ಕೆ ಕಳುಹಿಸುವುದು ಸಂಪೂರ್ಣವಾಗಿ ನಿಷಿದ್ಧ.

ಊರಿನ ಪ್ರಮುಖರು ಮಾಡತಕ್ಕ ಕೆಲಸಗಳು

ಕಾಯಿದೆಯಿಂದ ಅಪರಾಧಿಗೆ ಶಿಕ್ಷೆಯಾಗಬಹುದು. ಆಮೆಯು ಬದುಕುವುದು ಮಾತ್ರ ಊರಿನ ನಡತೆಯಿಂದ. ಅದಕ್ಕಾಗಿ ಕೆಳಗಿನ ಮಾತುಗಳನ್ನು ಆಚರಣೆಗೆ ತರುವುದು ಯುಕ್ತ.

ಒಂದನೆಯದಾಗಿ, ಬೇಸಿಗೆಯಲ್ಲಿ ಕೆರೆಯ ಹೂಳೆತ್ತುವಾಗ ಇಡೀ ಕೆರೆಯನ್ನು ಒಂದೇ ಸಲಕ್ಕೆ ತಳಕಾಣುವಂತೆ ತೋಡದೆ, ಹಸಿಯಾದ ಒಂದು ಮೂಲೆಯನ್ನು ಬಿಟ್ಟುಕೊಂಡು ಪಾಲುಪಾಲಾಗಿ ಎತ್ತಬೇಕು. ಹೂಳಿನಲ್ಲಿ ಮಲಗಿದ ಆಮೆಯು ಕಂಡರೆ ಅದು ಸತ್ತಿದೆಯೆಂದು ತಿಳಿದು ಹೊಲಕ್ಕೆ ಸಾಗಿಸುವ ಹೂಳಿನೊಡನೆ ಎಸೆಯಬಾರದು. ಅದನ್ನು ಅದೇ ಕೆರೆಯ ಹಸಿಮೂಲೆಯಲ್ಲಿ ಬಿಡಿಸಿ ಅರಣ್ಯ ಇಲಾಖೆಯವರಿಗೆ ಸುದ್ದಿ ಕೊಡಬೇಕು.

ಎರಡನೆಯದಾಗಿ, ಹೊಳೆಯ ಉಸುಕು ಆಮೆಯ ತವರುಮನೆ. ಅಪ್ಪಣೆಯಿಲ್ಲದೆ ಉಸುಕು ತೆಗೆಯುವುದನ್ನು ತಡೆಯಬೇಕು. ಆಮೆಗಳು ದಂಡೆಯೇರಿದ ಜಾಡು ಕಂಡ ಸ್ಥಳದಲ್ಲಿ ಗಾಡಿ ಹೊಡೆಯುವುದನ್ನೂ, ಹಂದಿ ನಾಯಿಗಳನ್ನು ಅಡ್ಡಾಡಗೊಡುವ ಪದ್ಧತಿಯನ್ನೂ ಬಿಡಿಸಬೇಕು.

ಮೂರನೆಯದಾಗಿ, ನೇಗಿಲಿನ ಗೆರೆಯಲ್ಲಾಗಲಿ ಬದುವಿನಲ್ಲಾಗಲಿ ತತ್ತಿಗಳ ಗುಳಿಯು ಬಯಲಾದರೆ ತತ್ತಿಗಳನ್ನು ಹೊರಳಿಸದೆ, ಇದ್ದಂತೆಯೇ ಮಣ್ಣು ಮುಚ್ಚಿ, ಸುತ್ತಲೂ ನಾಲ್ಕು ಮುಳ್ಳುಕಂಟಿ ಇಟ್ಟು, ಅಷ್ಟು ನೆಲವನ್ನು ಬಿಟ್ಟು ಗಳೆ ಹೊಡೆಯಬೇಕು. ಒಂದು ಮಾರು ನೆಲವನ್ನು ಬಿಟ್ಟರೆ ಹೊಲದ ಪೈರಿಗೆ ಹೆಚ್ಚಿನ ನಷ್ಟವಾಗದು.

ನಾಲ್ಕನೆಯದಾಗಿ, ಮಡುಗಳಲ್ಲಿ ಸಿಡಿಮದ್ದು, ವಿಷ ಮತ್ತು ವಿದ್ಯುತ್ತಿನಿಂದ ಮೀನು ಹಿಡಿಯುವುದನ್ನು ಊರಿನವರೇ ಸೇರಿ ನಿಲ್ಲಿಸಬೇಕು. ಬಲೆ ಹಾಕುವವರು ಅದನ್ನು ಮೇಲಿಂದ ಮೇಲೆ ಎತ್ತಿ ನೋಡಿ, ಸಿಕ್ಕ ಆಮೆಯನ್ನು ಅಲ್ಲಿಯೇ ಬಿಡಬೇಕು.

ಐದನೆಯದಾಗಿ, ಕಬ್ಬು, ಗೋವಿನಜೋಳ, ಕಾಯಿಪಲ್ಲೆಗಳಿಗೆ ಔಷಧ ಹೊಡೆದ ಮೇಲೆ ಪಂಪು ಡಬ್ಬಿಗಳನ್ನು ಹಳ್ಳದಲ್ಲಿ ತೊಳೆಯಬಾರದು. ಈ ನೀರು ಆಮೆಗೆ ಮಾತ್ರವಲ್ಲ, ಕೆಳಗಿನ ಊರಿನ ದನಕರುಗಳಿಗೂ ಮನುಷ್ಯರಿಗೂ ವಿಷವೇ.

ಆರನೆಯದಾಗಿ, ಒಂದು ಕಡೆ ಸಿಕ್ಕ ಆಮೆಯನ್ನು ಪುಣ್ಯಕ್ಕೆಂದು ದೂರದ ಕೆರೆಗೋ ದೇವಸ್ಥಾನದ ಹೊಂಡಕ್ಕೋ ಒಯ್ದು ಬಿಡಬಾರದು. ದಾರಿ ದಾಟುವ ಆಮೆಯನ್ನು ಅದು ಹೊರಟ ದಿಕ್ಕಿನ ಬದಿಗೆ ಸೇರಿಸಿದರೆ ಸಾಕು. ಬೆನ್ನಿನ ಮೇಲೆ ಕಣ್ಣಿನ ಗುರುತುಗಳಿರುವ ಮರಿಯಾಗಲಿ, ತಲೆಯ ಮೇಲೆ ಕಪ್ಪು ಗೆರೆಯಿರುವ ದೊಡ್ಡ ಆಮೆಯಾಗಲಿ ಕಂಡರೆ ಸ್ಥಳವನ್ನೂ ದಿನವನ್ನೂ ಬರೆದಿಟ್ಟು ಅರಣ್ಯ ಇಲಾಖೆಗೆ ತಿಳಿಸಬೇಕು. ಅಪರೂಪವಾದ ಈ ಜಾತಿಯ ಪ್ರತಿಯೊಂದು ಸುದ್ದಿಯೂ ಬೆಲೆಯುಳ್ಳದ್ದು.

ಊರಿನ ಜನರ ಶ್ರದ್ಧೆಯು ಏನು ಮಾಡಬಲ್ಲುದೆಂಬುದಕ್ಕೆ ಲೀತ್ ಆಮೆಯ ಕುಲದಲ್ಲಿಯೇ ಒಂದು ದೃಷ್ಟಾಂತವುಂಟು. ಬಾಂಗ್ಲಾದೇಶದ ಚಿತ್ತಗಾಂಗಿನಲ್ಲಿ ಬಾಯಜೀದ್ ಬಿಸ್ತಾಮಿ ಎಂಬ ಸಂತನ ಹೆಸರಿನ ದರ್ಗಾ ಇರುವುದು. ಅದರ ಕೆರೆಯಲ್ಲಿ ಈ ಕುಲದ ಕರಿಯ ಜಾತಿಯ ಆಮೆಗಳನ್ನು ಜನರು ತಲೆತಲಾಂತರದಿಂದ ಕೊಲ್ಲದೆ ಕಾಯ್ದು, ಕೈತುತ್ತು ಹಾಕುತ್ತ ಬಂದರು. ಹೊಳೆಗಳಲ್ಲಿ ಆ ಜಾತಿಯು ಅಳಿದೇಹೋಯಿತೆಂದು ಶಾಸ್ತ್ರಜ್ಞರು ೨೦೦೨ರಲ್ಲಿ ಸಾರಿದಾಗಲೂ ಆ ಕೆರೆಯಲ್ಲಿ ಅದು ಜೀವಿಸಿತ್ತು. ಅನಂತರ ಅಸ್ಸಾಮಿನ ದೇವಸ್ಥಾನದ ಕೆರೆಗಳಲ್ಲಿಯೂ ಅದು ಇರುವುದು ತಿಳಿದುಬಂದಿತು. ಯಾವ ಕಾಯಿದೆಯೂ ಇಲ್ಲದ ಕಾಲದಲ್ಲಿ ಆ ಜಾತಿಯನ್ನು ಉಳಿಸಿದುದು ಕೆರೆಯ ಸುತ್ತಲಿನ ಜನರ ಕಟ್ಟಳೆ.

ಕೂರ್ಮಾವತಾರದ ಕಥೆಯನ್ನು ಕೇಳಿ ಬೆಳೆದ, ಗುಡಿಯ ಅಂಗಳದಲ್ಲಿ ಕಲ್ಲಿನ ಆಮೆಗೆ ನಮಸ್ಕರಿಸಿ ಒಳಗೆ ಹೋಗುವ ಜನರಿಗೆ ಅಂತಹ ಕಟ್ಟಳೆಯು ಹೊಸದೇನೂ ಅಲ್ಲ. ಹೊಳೆಯಲ್ಲಿಯ ಜೀವಂತ ಆಮೆಗೂ ಅದನ್ನು ವಿಸ್ತರಿಸುವುದಷ್ಟೇ ಉಳಿದಿರುವ ಕೆಲಸ. ಬರುವ ಮೃಗಶಿರಾ ಮಳೆಗೆ ಮುಂಚೆಯೇ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹೊಳೆದಂಡೆಯ ಊರುಗಳ ಹಿರಿಯರು ಗ್ರಾಮಸಭೆಯಲ್ಲಿ ಈ ವಿಷಯವನ್ನು ಎತ್ತಿ, ತಮ್ಮ ಊರಿನ ಮಡು ಯಾವುದು, ಉಸುಕಿನ ದಂಡೆ ಯಾವುದು, ಅದನ್ನು ಕಾಯುವವರು ಯಾರು ಎಂಬುದನ್ನು ಗೊತ್ತುಮಾಡಿಕೊಳ್ಳುವುದು ಉಚಿತವಾಗಿರುತ್ತದೆ.